ಗುಡ್ಡ, ಕಾಡು, ಕಾಲುವೆ ದಡ ಮೂರೂ ಸೇರಿಸಿ ಮೌಂಟನ್ ಬೈಕ್ ರೂಟ್ ಹಾಕಿಕೊಳ್ಳುವುದು ಹೇಗೆ?

ಡಾಂಬರು ರಸ್ತೆಯಲ್ಲಿ ಒಂದೇ ಸಲಕ್ಕೆ 40 ಕಿ.ಮೀ. ಓಡಿಸಿ ಅಭ್ಯಾಸವಿದೆ, ಮೌಂಟನ್ ಬೈಕ್ ಮಾತ್ರ ಹೊಸದು ಅಂದಿದ್ದೀರಿ. ಗುಡ್ಡ, ಕಾಡು, ಕಾಲುವೆ ದಡ ಮೂರೂ ಬರುವ ಹಾಗೆ ಒಂದು ದಿನದ ಸುತ್ತು ಹಾಕಬೇಕು, ಅದಕ್ಕೂ 40 ಕಿ.ಮೀ. ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. ಬೇಡ. ಮೊದಲ ಸುತ್ತಿಗೆ 25ರಿಂದ 28 ಕಿ.ಮೀ. ಸಾಕು. ಇನ್ನೊಂದು ಮಾತು. ನಕ್ಷೆ ಬಿಚ್ಚಿದ ತಕ್ಷಣ ಎಲ್ಲರ ಕಣ್ಣೂ ಗುಡ್ಡದ ಕಡೆ ಹೋಗುತ್ತದೆ. ನೀವು ಮೊದಲು ಕಾಲುವೆ ಹುಡುಕಿ. ಮಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸಿಕೊಂಡು ಹೋಗಿ.

ಯಾಕೆ ಅಂತ ಹೇಳುತ್ತೇನೆ. ಕಾಲುವೆಯ ನೀರು ಏರು ಹತ್ತುವುದಿಲ್ಲ. ಹಾಗಾಗಿ ಕಾಲುವೆ ತೋಡಿದವರು ಗುಡ್ಡದ ಬುಡವನ್ನು ಬಳಸಿಕೊಂಡು, ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ಅದನ್ನು ಒಯ್ದಿರುತ್ತಾರೆ. ಅಮೆರಿಕದ ಚೆಸಪೀಕ್ ಅಂಡ್ ಓಹಾಯೋ ಕಾಲುವೆಯನ್ನೇ ನೋಡಿ. ದೋಣಿ ಎಳೆಯುವ ಹೇಸರಗತ್ತೆಗಳಿಗಾಗಿ ಮಾಡಿದ ದಡದ ದಾರಿ ಅಲ್ಲಿ ಸುಮಾರು 297 ಕಿ.ಮೀ. ಉದ್ದ ಇದೆ. ಅಷ್ಟು ಉದ್ದಕ್ಕೂ ಸೇರಿ ಎತ್ತರದ ವ್ಯತ್ಯಾಸ 184 ಮೀಟರ್ ಮಾತ್ರ. ಕಿ.ಮೀ.ಗೆ ಒಂದು ಮೀಟರ್ ಕೂಡ ಆಗಲಿಲ್ಲ. ಅದೂ ಬಹುಪಾಲು 74 ಲಾಕ್‌ಗಳ ಹತ್ತಿರ, ಅಂದರೆ ಬಾಗಿಲು ಮುಚ್ಚಿ ನೀರಿನ ಮಟ್ಟ ಬದಲಿಸಿ ದೋಣಿಯನ್ನು ಏರಿಸಿ ಇಳಿಸುವ ಕಟ್ಟೆಗಳ ಹತ್ತಿರ, ಮೆಟ್ಟಿಲಿನ ಹಾಗೆ ಒಂದೊಂದೇ ಏರು.

ಇದರಿಂದ ನಿಮಗೆ ಎರಡು ಅನುಕೂಲ. ಕಾಲುವೆ ದಡದಿಂದ ಹೊರಟು ಮತ್ತೆ ಅದೇ ದಡಕ್ಕೆ ಇಳಿದರೆ ಹತ್ತಿದ್ದೂ ಇಳಿದಿದ್ದೂ ಸರಿಸಮ. ದಿನದ ಏರನ್ನೆಲ್ಲ ಗುಡ್ಡದ ಭಾಗದಲ್ಲೇ ಎಣಿಸಿ ಮುಗಿಸಬಹುದು. ಇನ್ನೊಂದು, ಕಾಡಿನಲ್ಲಿ ದಾರಿ ತಪ್ಪಿದರೂ ಇಳಿಜಾರು ಹಿಡಿದ ದಾರಿಯಲ್ಲೇ ಹೋದರೆ ಕೊನೆಗೆ ಕಾಲುವೆ ಅಡ್ಡ ಸಿಗುತ್ತದೆ. ಅದು ಗೋಡೆ ಇದ್ದ ಹಾಗೆ, ದಾಟಿ ಹೋಗಲು ಆಗುವುದಿಲ್ಲ. ಆದರೆ ಒಂದು ಷರತ್ತು ಇದೆ: ನಿಮ್ಮ ಸುತ್ತು ಗುಡ್ಡದ ನೆತ್ತಿ ದಾಟಿ ಆಚೆ ಮಗ್ಗುಲಿಗೆ ಹೋಗಬಾರದು. ಆಚೆ ಇಳಿದರೆ ಯಾವ ಕಣಿವೆಗೆ ಹೋಗಿ ಬೀಳುತ್ತೀರೋ ಗೊತ್ತಾಗುವುದಿಲ್ಲ. ಮೊದಲ ನಾಲ್ಕೈದು ಸಲ ಕಾಲುವೆ ಕಡೆಯ ಮಗ್ಗುಲಲ್ಲೇ ಇರಿ.

ಈಗ ಲೆಕ್ಕ. ಡಾಂಬರು ರಸ್ತೆಯ ಕಿ.ಮೀ.ಗೂ ಮಣ್ಣು ದಾರಿಯ ಕಿ.ಮೀ.ಗೂ ಹೋಲಿಕೆಯೇ ಇಲ್ಲ. ನಾನು ಮಾಡುವುದು ಹೀಗೆ. ಗುಡ್ಡದ ಗಾಡಿ ದಾರಿಗೆ ಗಂಟೆಗೆ 12 ಕಿ.ಮೀ. ಅಂತ ಹಿಡಿದು, ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಸೇರಿಸುತ್ತೇನೆ. ಕಾಡಿನ ಕಾಲುದಾರಿಗೆ ಗಂಟೆಗೆ 7 ಕಿ.ಮೀ. ಕಾಲುವೆ ದಡಕ್ಕೆ 15. ನಿಮ್ಮ ಸುತ್ತಿನಲ್ಲಿ ಗುಡ್ಡ 8 ಕಿ.ಮೀ. ಮತ್ತು 350 ಮೀಟರ್ ಏರು, ಕಾಡು 7 ಕಿ.ಮೀ., ಕಾಲುವೆ 12 ಕಿ.ಮೀ. ಅಂದುಕೊಳ್ಳಿ. ಗುಡ್ಡಕ್ಕೆ ಒಂದೂಕಾಲು ಗಂಟೆ, ಕಾಡಿಗೆ ಒಂದು ಗಂಟೆ, ಕಾಲುವೆಗೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ನಿಲ್ಲೋದು, ತಿನ್ನೋದು, ನಕ್ಷೆ ನೋಡೋದು ಎಲ್ಲ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ. 40 ಕಿ.ಮೀ. ಓಡಿಸಿದ ಕಾಲು ಇಷ್ಟಕ್ಕೆ ಚೆನ್ನಾಗಿ ದಣಿಯುತ್ತದೆ, ನೋಡಿ.

ಓಡಿಸುವಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಮೊದಲ ಸುತ್ತಿನಲ್ಲಿ ಕಾಲುವೆ ದಡವನ್ನು ಮುಂಚೆ ಇಟ್ಟುಕೊಂಡಿದ್ದೆ. ಸಮತಟ್ಟು ದಾರಿ, ಬೆಳಗಿನ ಹುಮ್ಮಸ್ಸು, 20 ಕಿ.ಮೀ. ಒಂದೇ ಉಸಿರಿಗೆ ತುಳಿದೆ. ಗುಡ್ಡದ ಬುಡಕ್ಕೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು, ಅರ್ಧ ಏರನ್ನು ಸೈಕಲ್ ತಳ್ಳಿಕೊಂಡೇ ಹತ್ತಿದೆ. ಕಾಡಿಗೆ ಇಳಿದಾಗ ಸಂಜೆ. ದಾರಿಗೆ ಓರೆಯಾಗಿ ಒಂದು ಬೇರು ಮಲಗಿತ್ತು. ತೋಳಿನಷ್ಟು ದಪ್ಪ, ಸಿಪ್ಪೆ ಸವೆದು ನುಣ್ಣಗಾಗಿ, ಹಿಂದಿನ ದಿನದ ಮಳೆಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಕಣ್ಣಿಗೆ ಬಿದ್ದಿತ್ತು, ಆದರೆ ದಣಿದ ತಲೆ ಏನು ಮಾಡಬೇಕು ಅಂತ ಹೇಳಲಿಲ್ಲ. ಅದರ ಮೇಲೆ ಹೋಗುವಾಗಲೇ ಬ್ರೇಕ್ ಒತ್ತಿದೆ. ಮುಂದಿನ ಚಕ್ರ ಬೇರನ್ನು ದಾಟುವ ಬದಲು ಬೇರಿನ ಉದ್ದಕ್ಕೂ ಜಾರಿಕೊಂಡು ಹೋಯಿತು. ಬಿದ್ದಾಗ ಕೈ ಊರಿದೆ. ಮಣಿಕಟ್ಟಿನ ಊತ ಇಳಿಯಲು ಮೂರು ವಾರ ಬೇಕಾಯಿತು.

ಅಂದಿನಿಂದ ನನ್ನದು ಒಂದೇ ಕ್ರಮ. ಮೈ ಬಿಸಿಯಾಗಲು ಕಾಲುವೆ ದಡದಲ್ಲಿ ಒಂದೆರಡು ಕಿ.ಮೀ., ಆಮೇಲೆ ಗುಡ್ಡ, ಮಧ್ಯಾಹ್ನದ ಒಳಗೆ ಕಾಡು, ಕೊನೆಗೆ ಉಳಿದ ಕಾಲುವೆ. ಗುಡ್ಡಕ್ಕೆ ಬೇಕಾದ್ದು ಕಾಲಿನ ಕಸುವು. ಕಾಡಿಗೆ ಬೇಕಾದ್ದು ಗಮನ. ಎರಡೂ ಖರ್ಚಾದ ಮೇಲೂ ಮನೆಗೆ ಮುಟ್ಟಿಸುವ ದಾರಿ ಕಾಲುವೆ ದಡ ಮಾತ್ರ.

ಗುಡ್ಡ ಹತ್ತಲು ಅಗಲವಾದ ಗಾಡಿ ದಾರಿ ಆರಿಸಿ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಗೆರೆಗಳಿರುತ್ತವಲ್ಲ, ಕಾಂಟೂರ್ ಗೆರೆ, ಅವು ಒತ್ತೊತ್ತಾಗಿದ್ದರೆ ಕಡಿದಾದ ಏರು. 10 ಮೀಟರಿಗೊಂದು ಗೆರೆ ಇರುವ ನಕ್ಷೆಯಲ್ಲಿ, ನಿಮ್ಮ ದಾರಿ ಒಂದು ಗೆರೆಯಿಂದ ಇನ್ನೊಂದಕ್ಕೆ ಹೋಗಲು 100 ಮೀಟರ್ ತೆಗೆದುಕೊಂಡರೆ ಅದು ನೂರಕ್ಕೆ ಹತ್ತರ ಏರು. ಸೈಕಲ್ ದಾರಿ ಕಟ್ಟುವವರು ಸರಾಸರಿ ಏರು ಇದಕ್ಕಿಂತ ಜಾಸ್ತಿ ಆಗದ ಹಾಗೆ ನೋಡಿಕೊಳ್ಳುತ್ತಾರೆ. ಅದಕ್ಕಿಂತ ಕಡಿದಾದರೆ ಮಳೆನೀರು ದಾರಿಯಲ್ಲೇ ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಅಂದರೆ ಗೆರೆಗಳು ಒತ್ತಾಗಿರುವ ಕಡೆ ನಿಮಗೆ ಏರೂ ಸಿಗುತ್ತದೆ, ಕೊರಕಲೂ ಸಿಗುತ್ತದೆ. ಅಂಥದ್ದನ್ನು ಸದ್ಯಕ್ಕೆ ಬಿಟ್ಟುಬಿಡಿ. ಹತ್ತುವಾಗ ಏರು ಶುರುವಾಗುವ ಮುಂಚೆಯೇ ಹಗುರ ಗೇರ್‌ಗೆ ಬನ್ನಿ. ಸೀಟಿನ ಮೇಲೆ ಸ್ವಲ್ಪ ಮುಂದೆ ಸರಿದು ಎದೆ ಬಗ್ಗಿಸಿ ತುಳಿಯಿರಿ. ಎದ್ದು ನಿಂತು ತುಳಿದರೆ ಸಡಿಲ ಜಲ್ಲಿಯಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ, ಸೈಕಲ್ ಮುಂದಕ್ಕೆ ಹೋಗುವುದಿಲ್ಲ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇರಬೇಡಿ, ಕಾದು ಹೋಗುತ್ತದೆ. ಈ ಆಟ ಬೆಳೆದದ್ದೇ ಕಾದ ಬ್ರೇಕಿನ ಜೊತೆಗೆ ಅನ್ನಬಹುದು. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಹತ್ತಿರದ ಗುಡ್ಡದಲ್ಲಿ ರೀಪ್ಯಾಕ್ ಅನ್ನುವ ಇಳಿಜಾರಿನ ರೇಸ್ ಶುರುವಾಯಿತು. ಗ್ಯಾರಿ ಫಿಶರ್, ಜೋ ಬ್ರೀಜ್ ಅವರೆಲ್ಲ ಅಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ ಇಳಿಸುತ್ತಿದ್ದರು. ಆ ಸೈಕಲ್ಲುಗಳ ಬ್ರೇಕ್ ಇದ್ದದ್ದು ಹಿಂದಿನ ಚಕ್ರದ ಹಬ್ ಒಳಗೆ. ಒಂದು ಸಲ ಇಳಿದರೆ ಹಬ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತು. ರೀಪ್ಯಾಕ್ ಅನ್ನುವ ಹೆಸರು ಬಂದದ್ದು ಹಾಗೆ. ಈಗಿನ ಡಿಸ್ಕ್ ಬ್ರೇಕ್ ಅಷ್ಟು ಬೇಗ ಸೋಲುವುದಿಲ್ಲ, ಆದರೂ ಕಾದರೆ ಹಿಡಿತ ಕಮ್ಮಿಯಾಗುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಪೆಡಲ್ ಎರಡನ್ನೂ ಒಂದೇ ಮಟ್ಟಕ್ಕೆ ತಂದು ನಿಂತುಕೊಳ್ಳಿ. ಕೆಳಗೆ ಇಳಿದ ಪೆಡಲ್ ಕಲ್ಲಿಗೆ ತಾಗುತ್ತದೆ.

ಕಾಡಿನ ಒಳಗೆ ಮೊದಲು ಮೋಸ ಮಾಡುವುದು ಬೆಳಕು. ಬಿಸಿಲಿನಿಂದ ನೆರಳಿಗೆ ನುಗ್ಗಿದ ಮೊದಲ ಕೆಲವು ಕ್ಷಣ ನೆಲ ಸರಿಯಾಗಿ ಕಾಣುವುದೇ ಇಲ್ಲ. ಕಪ್ಪು ಕನ್ನಡಕ ತೆಗೆದಿಡಿ, ವೇಗ ಇಳಿಸಿ ಒಳಗೆ ಹೋಗಿ. ಬೇರನ್ನು ನೇರವಾಗಿ ದಾಟಿ. ಓರೆಯಾಗಿದ್ದರೆ ನೀವೇ ಸ್ವಲ್ಪ ತಿರುಗಿ ಅದಕ್ಕೆ ಎದುರಾಗಿ ಹೋಗಿ. ಅದರ ಮೇಲಿರುವಾಗ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ. ತರಗೆಲೆ ದಪ್ಪಗೆ ಬಿದ್ದಿದ್ದರೆ ಅದರ ಅಡಿಯಲ್ಲಿ ಗುಂಡಿಯೋ ಕಲ್ಲೋ ಇದೆ ಅಂತಲೇ ತಿಳಿಯಿರಿ. ಕಣ್ಣು ಚಕ್ರದ ಬುಡದಲ್ಲಿ ಇರಬಾರದು, ಹತ್ತು ಹದಿನೈದು ಮೀಟರ್ ಮುಂದೆ ಇರಬೇಕು. ಮರವನ್ನೇ ನೋಡುತ್ತಾ ಹೋದರೆ ಸೈಕಲ್ ಮರಕ್ಕೇ ಹೋಗುತ್ತದೆ. ಮರಗಳ ಸಂದಿಯನ್ನು ನೋಡಿ.

ಕಾಡಿನ ದಾರಿ ನಮ್ಮೊಬ್ಬರದೇ ಅಲ್ಲ. ನಡೆದು ಬರುವವರಿಗೆ, ಕುದುರೆ ಮೇಲೆ ಬರುವವರಿಗೆ ನಾವು ದಾರಿ ಬಿಡಬೇಕು. ಹತ್ತುತ್ತಿರುವವರಿಗೆ ಇಳಿಯುವವರು ನಿಂತು ಬಿಡಬೇಕು, ಯಾಕೆಂದರೆ ಏರಿನ ಮಧ್ಯೆ ಕಾಲು ಊರಿದವರಿಗೆ ಮತ್ತೆ ಹೊರಡುವುದು ಬಹಳ ಕಷ್ಟ. ಕೆಸರಾದ ದಿನ ಕಾಲುದಾರಿಗೆ ಹೋಗಲೇಬೇಡಿ. ಇದನ್ನು ದಯವಿಟ್ಟು ಸಣ್ಣ ವಿಷಯ ಅಂತ ತಿಳಿಯಬೇಡಿ. ಒದ್ದೆ ಮಣ್ಣಿನಲ್ಲಿ ಟೈರು ಕೊರೆದ ಗೆರೆ ಮುಂದಿನ ಮಳೆಗೆ ನೀರಿನ ದಾರಿ ಆಗುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ಅಲ್ಲಿ ಮೊಣಕಾಲುದ್ದದ ಕೊರಕಲು ಇರುತ್ತದೆ. ಕೆಸರನ್ನು ತಪ್ಪಿಸಲು ಪಕ್ಕದ ಗಿಡದ ಮೇಲೆ ಓಡಿಸಿದರೂ ಅಷ್ಟೇ, ದಾರಿ ಅಗಲವಾಗುತ್ತಾ ಹೋಗುತ್ತದೆ. ಕಾಡಿನ ಆ ಭಾಗಕ್ಕೆ ಸೈಕಲ್ ಬಿಡುತ್ತಾರಾ ಅಂತ ಮುಂಚೆಯೇ ವಿಚಾರಿಸಿಕೊಳ್ಳಿ. ಮುಂಜಾನೆ, ಮುಸ್ಸಂಜೆ ಪ್ರಾಣಿಗಳು ಓಡಾಡುವ ಹೊತ್ತು, ಅದನ್ನೂ ಬಿಟ್ಟುಕೊಡಿ.

ಕೊನೆಯ ಕಾಲುವೆ ದಡ ಸುಲಭ ಅಂದೆ. ಎಚ್ಚರ ತಪ್ಪಿಸುವುದೂ ಅದೇ. ದೋಣಿ ಓಡಾಡಿದ ಹಳೆಯ ಕಾಲುವೆಗಳಲ್ಲಿ ಸೇತುವೆಯ ಕಮಾನು ತಗ್ಗಾಗಿರುತ್ತದೆ, ಅದರ ಅಡಿಯಲ್ಲಿ ದಾರಿ ಕಿರಿದಾಗಿ ತಿರುಗುತ್ತದೆ, ಆಚೆ ಯಾರು ಬರುತ್ತಿದ್ದಾರೆ ಕಾಣುವುದಿಲ್ಲ. ಬೆಲ್ ಹೊಡೆದು ನಿಧಾನಕ್ಕೆ ಹೋಗಿ, ಅನುಮಾನ ಇದ್ದರೆ ಇಳಿದು ನಡೆಯಿರಿ. ಇಳಿದಾಗ ಕಮಾನಿನ ಮೂಲೆಯ ಕಲ್ಲನ್ನು ಒಮ್ಮೆ ಮುಟ್ಟಿ ನೋಡಿ. ಕೆಲವು ಕಡೆ ಬೆರಳು ಇಡುವಷ್ಟು ಆಳದ ಗೀರುಗಳು ಸಾಲಾಗಿ ಇರುತ್ತವೆ. ದೋಣಿ ಎಳೆಯುವ ಒದ್ದೆ ಹಗ್ಗ, ಅದಕ್ಕೆ ಅಂಟಿದ ಮರಳು, ಎರಡೂ ಸೇರಿ ವರ್ಷಗಟ್ಟಲೆ ಉಜ್ಜಿ ಮಾಡಿದ ಗುರುತು ಅದು. ನಾನು ಪ್ರತಿ ಸಲ ನಿಂತು ಮುಟ್ಟುತ್ತೇನೆ. ನಾವು ಸೈಕಲ್ ಓಡಿಸುವ ದಾರಿಯನ್ನು ಪ್ರಾಣಿಗಳು ಹೆಜ್ಜೆ ಹೆಜ್ಜೆ ತುಳಿದು ಗಟ್ಟಿ ಮಾಡಿದವು ಅನ್ನುವುದು ಆಗ ಮನಸ್ಸಿಗೆ ನಾಟುತ್ತದೆ.

ನೀರಾವರಿ ಕಾಲುವೆಯಾದರೆ ಮಾತೇ ಬೇರೆ. ಅಲ್ಲಿ ದಡದ ದಾರಿ ಇರುವುದು ರಿಪೇರಿಯವರ ಗಾಡಿಗೆ, ಹಾಗಾಗಿ ಓಡಿಸಲು ಅನುಮತಿ ಇದೆಯಾ ಅಂತ ಕೇಳಬೇಕು. ನೀರಿನ ಸೆಳೆತ ಜೋರು. ಕಾಂಕ್ರೀಟ್ ಮಗ್ಗುಲು ಇಳಿಜಾರಾಗಿ, ಪಾಚಿ ಕಟ್ಟಿ ಜಾರುತ್ತದೆ. ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ನೀರಿನ ಅಂಚಿನಿಂದ ದೂರದ ಗಾಲಿ ಜಾಡಿನಲ್ಲೇ ಓಡಿಸಿ, ಇಬ್ಬರು ಇದ್ದರೆ ಒಬ್ಬರ ಹಿಂದೆ ಒಬ್ಬರು. ಕೈ ತೊಳೆಯಲು ಕೂಡ ಅಂಚಿಗೆ ಇಳಿಯಬೇಡಿ.

ಇನ್ನೊಂದು ಸಂಗತಿ ರಸ್ತೆಯಲ್ಲಿ ಓಡಿಸಿದವರಿಗೆ ಹೊಳೆಯುವುದಿಲ್ಲ. ಕಾಲುವೆ ದಡದಲ್ಲಿ ಇಳಿಜಾರು ಇಲ್ಲದ ಕಾರಣ ಪೆಡಲ್ ಬಿಟ್ಟು ಕೂರುವ ಅವಕಾಶವೇ ಇಲ್ಲ. ತುಳಿಯುತ್ತಲೇ ಇರಬೇಕು. ಅರ್ಧ ಗಂಟೆಗೆ ಸೀಟು ನೋಯಿಸಲು ಶುರು ಮಾಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿಯಿರಿ. ಬಯಲಿನ ಕಾಲುವೆಯಾದರೆ ಗಾಳಿಗೆ ತಡೆಯೂ ಇರುವುದಿಲ್ಲ. ಅದಕ್ಕೇ ನಾನು ಹೊರಡುವ ಹಿಂದಿನ ರಾತ್ರಿ ಗಾಳಿಯ ದಿಕ್ಕು ನೋಡಿ, ವಾಪಸ್ ಬರುವಾಗ ಅದು ಬೆನ್ನಿಗೆ ಬರುವ ಹಾಗೆ ಸುತ್ತಿನ ದಿಕ್ಕು ತೀರ್ಮಾನ ಮಾಡುತ್ತೇನೆ.

ಟೈರಿನ ಗಾಳಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ರಸ್ತೆಯ ಅಭ್ಯಾಸಕ್ಕೆ ಗಟ್ಟಿಯಾಗಿ ತುಂಬಿಸಬೇಡಿ. ನನ್ನ ತೂಕ 70 ಕೆ.ಜಿ., ಟೈರು 2.3 ಇಂಚು, ಒಳಗೆ ಟ್ಯೂಬ್ ಇದೆ. ಮುಂದೆ 26, ಹಿಂದೆ 29 ಪಿಎಸ್ಐ ಇಡುತ್ತೇನೆ. ತೀರಾ ಕಮ್ಮಿ ಮಾಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ಮಧ್ಯೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಕಾಲುವೆ ದಡಕ್ಕೆ ಬಂದ ಮೇಲೆ ಪಂಪಿನಲ್ಲಿ ಸ್ವಲ್ಪ ಏರಿಸಿಕೊಂಡರೆ ಹಗುರವಾಗಿ ಓಡುತ್ತದೆ. ದಡದ ಮುಳ್ಳುಬೇಲಿ ಆಗಷ್ಟೇ ಸವರಿದ್ದರೆ ಮುಳ್ಳು ಚೂರುಗಳು ದಾರಿ ತುಂಬ ಬಿದ್ದಿರುತ್ತವೆ, ಅಲ್ಲಿ ಸೈಕಲ್ ಎತ್ತಿಕೊಂಡು ದಾಟಿ. ಎರಡು ಟ್ಯೂಬು, ಪಂಪು, ಟೈರ್ ಲಿವರ್, ಸ್ಪ್ಯಾನರ್ ಸೆಟ್, ಒಂದು ಚೈನ್ ಲಿಂಕ್ ಬ್ಯಾಗಿನಲ್ಲಿ ಇರಲಿ. ದಟ್ಟ ಮರಗಳ ಕೆಳಗೆ ಫೋನಿನ ನಕ್ಷೆ ತಡವರಿಸುತ್ತದೆ, ಕಾಗದದ ನಕ್ಷೆಯೂ ಜೊತೆಗಿರಲಿ.

ಪೂರ್ತಿ ಸುತ್ತಿಗೆ ಹೋಗುವ ಮುಂಚೆ ಒಂದು ಸಂಜೆ ಕಾಲುವೆ ಭಾಗವನ್ನಷ್ಟೇ ಓಡಿಸಿ ಬನ್ನಿ. ಸೇತುವೆಗಳು ಎಲ್ಲೆಲ್ಲಿವೆ, ಪ್ರತಿ ಸೇತುವೆಯಿಂದ ಯಾವ ರಸ್ತೆಗೆ ಹೋಗಬಹುದು ಅಂತ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಸೈಕಲ್ ಕೆಟ್ಟರೆ, ಮೈ ಸೋತರೆ ಅಲ್ಲಿಂದಲೇ ಹೊರಗೆ ಬರುವುದು. ಆ ದಿನದ ನಿಮ್ಮ ವೇಗವನ್ನೂ ಬರೆದಿಟ್ಟುಕೊಂಡು, ನಾನು ಕೊಟ್ಟ 15ರ ಜಾಗದಲ್ಲಿ ಅದನ್ನೇ ಹಾಕಿ ಲೆಕ್ಕ ಮಾಡಿ. ಸುತ್ತು ತಯಾರಾದ ಮೇಲೆ ಗುಡ್ಡದ ಏರು ಒಟ್ಟು ಎಷ್ಟು ಮೀಟರ್ ಬಂತು ಅಂತ ಇಲ್ಲೇ ಬರೆಯಿರಿ. 400 ದಾಟಿದ್ದರೆ ಎಲ್ಲಿ ಕಮ್ಮಿ ಮಾಡಬಹುದು ಅಂತ ನಾನೂ ಕೂತು ನೋಡುತ್ತೇನೆ.