ಯಾವ ಪುಟದಲ್ಲಿ ನಿಂತಿರಿ?

ಓದಿದ ಪುಸ್ತಕದ ಬಗ್ಗೆ ತಮಗೆ ಅನ್ನಿಸಿದ್ದನ್ನು ಹೇಳಬಹುದೇ, ಹೇಗೆ ಹೇಳಬೇಕು ಎಂದು ಕೇಳಿದವರ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನೂರು ಪುಟ ಓದುವಷ್ಟರಲ್ಲಿ ಸಾಕಾಯಿತು. ನಮ್ಮ ಕಡೆಯದೇ ಕಥೆ, ಎಲ್ಲರೂ ಹೊಗಳುವ ಕಾದಂಬರಿ. ನನಗೆ ಬಹಳ ನಿಧಾನ ಎನ್ನಿಸಿತು ಎಂದು ಪುಸ್ತಕಗೋಷ್ಠಿಯಲ್ಲಿ ಹೇಳಬಹುದೇ?
– ಕುಂದಾಪುರದ ಓದುಗರೊಬ್ಬರು

ಧಾರಾಳವಾಗಿ ಹೇಳಿ. ಆದರೆ ‘ನಿಧಾನ’ ಎಂದಷ್ಟೇ ಹೇಳಿ ಕುಳಿತುಬಿಡಬೇಡಿ. ಯಾವ ಪುಟದಲ್ಲಿ ನಿಂತಿರಿ, ಆ ಪುಟದಲ್ಲಿ ಯಾರಿದ್ದರು, ಏನು ನಡೆಯುತ್ತಿತ್ತು, ಅದನ್ನೂ ಹೇಳಿ. ಅಭಿಪ್ರಾಯಕ್ಕೆ ತೂಕ ಬರುವುದು ಅಲ್ಲಿ.

ನಾನು ಮಂಗಳೂರಿನ ಕಾರ್‌ಸ್ಟ್ರೀಟ್ ಹತ್ತಿರ ಬಹಳ ವರ್ಷ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ನಡೆಸಿದವಳು. ಓದಿದವರು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಏನಾದರೂ ಬರೆದು ಹಿಂದಿರುಗಿಸುವುದು ಆಗಿನ ರೂಢಿ. ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ದುಡ್ಡು ದಂಡ’. ಇಂಥ ಮಾತು ನೋಡಿ ಯಾರೂ ಪುಸ್ತಕ ಒಯ್ಯಲಿಲ್ಲ, ಯಾರೂ ಬಿಡಲೂ ಇಲ್ಲ. ಆದರೆ ‘ಮರಳಿ ಮಣ್ಣಿಗೆ’ಯ ಹಿಂದೆ ಯಾರೋ ದುಂಡು ಅಕ್ಷರದಲ್ಲಿ ಬರೆದಿದ್ದರು: ‘ಐತಾಳರು ಇನ್ನೊಂದು ಮದುವೆಯಾದ ಮೇಲೆ ಎರಡು ದಿನ ಓದಲಿಲ್ಲ. ಪಾರೋತಿಯ ಮುಖ ನೋಡಲು ಆಗಲಿಲ್ಲ.’ ಅದರ ಕೆಳಗೆ ಇನ್ನೊಬ್ಬರ ಕೈಬರಹ, ಸ್ವಲ್ಪ ಒತ್ತಿ ಬರೆದದ್ದು: ‘ಸರಸೋತಿಯನ್ನೂ ನೋಡಿ.’ ಈ ಎರಡು ಸಾಲು ಕಣ್ಣಿಗೆ ಬಿದ್ದವರು ಪುಸ್ತಕವನ್ನು ತಮ್ಮ ಹೆಸರಿಗೆ ಬರೆಸಿಕೊಂಡೇ ಹೋಗುತ್ತಿದ್ದರು. ಪುಟ ನಿಲ್ಲಿಸಿದವರ ಮಾತಿಗೆ ಅಷ್ಟು ಬಲವಿತ್ತು.

ನಿಮ್ಮ ನೂರು ಪುಟದ ವಿಷಯಕ್ಕೆ ಬರುತ್ತೇನೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳು ನೆಲ. ಅಲ್ಲಿ ಬದುಕಿದ ರಾಮ ಐತಾಳರು, ಮಗ ಲಚ್ಚ, ಮೊಮ್ಮಗ ರಾಮ, ಹೀಗೆ ಮೂರು ತಲೆಮಾರಿನ ಕಥೆ ಇದು. ಮೊದಲ ಭಾಗದಲ್ಲಿ ಗದ್ದೆ, ಕೊಟ್ಟಿಗೆ, ಒಲೆ ಬಿಟ್ಟರೆ ಹೆಚ್ಚೇನೂ ನಡೆಯುವುದಿಲ್ಲ ಎನ್ನುವುದು ನಿಜ. ಐತಾಳರ ಹೆಂಡತಿ ಪಾರೋತಿಯೂ ತಂಗಿ ಸರಸೋತಿಯೂ ಬೆಳಗಾದರೆ ದುಡಿಮೆ, ರಾತ್ರಿಯಾದರೆ ದುಡಿಮೆ. ಕಾರಂತರು ಅದನ್ನು ಬೇಕೆಂದೇ ಅಷ್ಟು ಹೊತ್ತು ತೋರಿಸಿದ್ದಾರೆ ಎಂದು ನಾನು ನಂಬುತ್ತೇನೆ. ಆ ಹೆಂಗಸರು ಮೈಮುರಿದು ಉಳಿಸಿದ್ದನ್ನು ನಾವು ಕಣ್ಣಾರೆ ನೋಡಿರದಿದ್ದರೆ, ಓದು ಕಲಿತ ಲಚ್ಚ ಅದನ್ನೆಲ್ಲ ಕೈಯಾರೆ ಹಾಳುಮಾಡುವಾಗ ನಮ್ಮ ಹೊಟ್ಟೆ ಉರಿಯುತ್ತಿರಲಿಲ್ಲ. ಲಚ್ಚನ ಹೆಂಡತಿ ನಾಗವೇಣಿ ಬರುವವರೆಗೆ ಓದಿ. ಅಲ್ಲಿಂದ ಮುಂದೆ ನನಗೆ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ. ಆಮೇಲೂ ನಿಮಗೆ ಬೇಸರವೇ ಆದರೆ, ಗೋಷ್ಠಿಯಲ್ಲಿ ಎದ್ದು ನಿಂತು ಅದನ್ನೇ ಹೇಳಿ. ಕಾರಂತರನ್ನು ಓದಿದವರಿಗೆ ನೇರ ಮಾತಿನ ಭಯ ಇರಬಾರದು.

ನನ್ನ ತಾಯಿಗೆ ಪತ್ತೇದಾರಿ ಕಾದಂಬರಿ ಎಂದರೆ ಪ್ರಾಣ. ನಮ್ಮ ಮೇಷ್ಟ್ರೊಬ್ಬರು ‘ಅದೂ ಒಂದು ಓದೇ?’ ಎಂದರು. ನೀವು ಏನೆನ್ನುತ್ತೀರಿ?
– ಕಾರ್ಕಳದ ಓದುಗರೊಬ್ಬರು

ಓದೇ. ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಬೈಂಡು ಕಿತ್ತು ಬರುತ್ತಿದ್ದುದು ಎನ್. ನರಸಿಂಹಯ್ಯನವರ ಪುಸ್ತಕಗಳು. ಶಾಲೆಯ ಓದು ಕಡಿಮೆಯೇ ಇದ್ದ ಅವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಹಂಚಿನ ಕಾರ್ಖಾನೆಯವರು, ಬಸ್ಸಿನ ಕಂಡಕ್ಟರುಗಳು, ಬೀಡಿ ಕಟ್ಟುವ ಮನೆಯ ಹೆಂಗಸರು ಅವನ್ನು ಒಯ್ಯುತ್ತಿದ್ದರು. ಬೀಡಿ ಕಟ್ಟುವಲ್ಲಿ ಒಬ್ಬಳು ಗಟ್ಟಿಯಾಗಿ ಓದುವುದು, ಉಳಿದವರು ಮೊರದಲ್ಲಿ ಎಲೆ ಇಟ್ಟುಕೊಂಡು ಕೈ ನಿಲ್ಲಿಸದೆ ಕೇಳುವುದು. ಕನ್ನಡ ಓದುವ ಅಭ್ಯಾಸವನ್ನು ಅಷ್ಟು ಮನೆಗಳಿಗೆ ಮುಟ್ಟಿಸಿದವರನ್ನು ನಾನು ಹಗುರವಾಗಿ ಕಾಣಲಾರೆ.

ಹಾಗೆಂದು ಪತ್ತೇದಾರಿ ಎಂದರೆ ಎಲ್ಲವೂ ಒಳ್ಳೆಯದಲ್ಲ. ಅದಕ್ಕೆ ಅದರದ್ದೇ ಪರೀಕ್ಷೆ ಇದೆ. ಅಪರಾಧಿ ಮೊದಲಿನಿಂದಲೂ ನಮ್ಮ ಕಣ್ಣೆದುರಿಗೆ ಓಡಾಡಿಕೊಂಡಿದ್ದನೇ, ಸುಳಿವುಗಳನ್ನು ಲೇಖಕರು ನಮಗೂ ತೋರಿಸಿದ್ದರೇ? ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಬ್ಬ ದಾಯಾದಿಯನ್ನು ಕರೆತಂದು ಅವನೇ ಕೊಲೆಗಾರ ಎಂದರೆ ಅದು ಓದುಗರಿಗೆ ಮಾಡಿದ ಮೋಸ. ನಿಮ್ಮ ತಾಯಿಯನ್ನು ಕೇಳಿ ನೋಡಿ, ಯಾವ ಪುಸ್ತಕ ಮೋಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಅವರು ಥಟ್ಟನೆ ಹೇಳುತ್ತಾರೆ. ವಿಮರ್ಶೆ ಎಂದರೆ ಅದೇ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಕಾದಂಬರಿ ಕಪಾಟಿನಲ್ಲಿ ಇಡಬೇಕೇ, ವಿಜ್ಞಾನದಲ್ಲೇ?
– ಬ್ರಹ್ಮಾವರದ ಶಿಕ್ಷಕಿಯೊಬ್ಬರು

ಎರಡು ಪ್ರತಿ ತರಿಸಿ, ಎರಡೂ ಕಡೆ ಇಡಿ. ಹಾರುವ ಓತಿಯನ್ನು ಹುಡುಕುತ್ತ ಕಾಡಿಗಿಳಿಯುವ ವಿಜ್ಞಾನಿಗೆ ಹಳ್ಳಿಯ ಮಂದಣ್ಣನ ಕಣ್ಣು ಬೇಕಾಗುತ್ತದೆ ಎನ್ನುವುದನ್ನು ಮಕ್ಕಳು ಯಾವ ಕಪಾಟಿನಿಂದ ತೆಗೆದು ಓದಿದರೂ ಸರಿಯೇ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿ ಅತ್ತುಬಿಟ್ಟೆ. ಅದು ನಮ್ಮವರನ್ನು ಕೆಟ್ಟದಾಗಿ ತೋರಿಸುವ ಪುಸ್ತಕ ಎಂದು ನನ್ನ ಗೆಳತಿ ಸಿಟ್ಟಾದಳು. ನನಗೆ ಅದು ಒಬ್ಬ ತಂದೆಯ ಹಟದ ಕಥೆ ಎನ್ನಿಸಿತು.
– ಉಳ್ಳಾಲದ ಓದುಗರೊಬ್ಬರು

ನಾನು ನಿಮ್ಮ ಕಡೆ. ಗಂಡ ರಶೀದನೊಂದಿಗೆ ನೆಮ್ಮದಿಯಾಗಿದ್ದ ನಾದಿರಾಳನ್ನು ತಂದೆ ತವರಿಗೆ ಕರೆತಂದು ಕೂರಿಸುತ್ತಾನೆ. ಅವಳಿಗೂ ಬೇಡ, ಗಂಡನಿಗೂ ಬೇಡ, ಆದರೂ ಸಂಬಂಧ ಮುರಿಯುತ್ತದೆ. ಮತ್ತೆ ಕೂಡಬೇಕೆಂದರೆ ಅವಳು ಮೊದಲು ಇನ್ನೊಬ್ಬನನ್ನು ಮದುವೆಯಾಗಿ ಬಿಡುಗಡೆ ಪಡೆಯಬೇಕು. ಕಥೆಯ ಸಂಕಟವೆಲ್ಲ ಅಲ್ಲಿದೆ.

ನಿಮ್ಮ ಗೆಳತಿಯ ಸಿಟ್ಟನ್ನು ತಳ್ಳಿಹಾಕಬೇಡಿ. ತಮ್ಮವರ ಬಗ್ಗೆ ಹೊರಗಿನವರು ಏನೆಂದುಕೊಳ್ಳುತ್ತಾರೋ ಎಂಬ ಆತಂಕ ಸಣ್ಣದಲ್ಲ. ಆದರೆ ಒಂದು ಮಾತು ಕೇಳಿ: ರಶೀದ ಯಾರು? ಹೆಂಡತಿಯನ್ನು ಪ್ರೀತಿಸುವ, ಅವಳಿಗಾಗಿ ಕಾಯುವ ಅವನೂ ಅದೇ ಸಮುದಾಯದವನಲ್ಲವೇ? ಗಂಡನ ಎದುರು ತುಟಿ ಬಿಚ್ಚಲಾಗದೆ ಮಗಳಿಗಾಗಿ ಒಳಗೇ ಕುದಿಯುವ ಆ ತಾಯಿ? ಲೇಖಕಿ ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಾಳಿ, 2023ರಲ್ಲಿ ತೀರಿಕೊಂಡವರು. ಈ ಕಥೆ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಮನೆಯೊಳಗಿನ ಮಾತನ್ನು ಒಬ್ಬ ಹೆಂಗಸು ಹೀಗೆ ಬರೆಯಬಹುದು ಎನ್ನುವುದೇ ಅನೇಕರಿಗೆ ಹೊಸತು. ಪರರನ್ನು ದೂರುವ ದನಿ ಬೇರೆ, ತನ್ನವರಿಗಾಗಿ ಮರುಗುವ ದನಿ ಬೇರೆ. ತಾಯಿ ಮಗಳು ಇಬ್ಬರೇ ಇರುವ ಪುಟಗಳನ್ನು ಗೆಳತಿಯೊಂದಿಗೆ ಕುಳಿತು ಇನ್ನೊಮ್ಮೆ ಓದಿ. ಆಮೇಲೂ ಅವಳು ಒಪ್ಪದಿದ್ದರೆ ಬಿಟ್ಟುಬಿಡಿ, ಗೆಳೆತನ ದೊಡ್ಡದು.

‘ಇಂದಿರಾಬಾಯಿ’ಯನ್ನು ಕಾಲೇಜಿಗಾಗಿ ಓದಿದೆ. ಮೊದಲ ಸಾಮಾಜಿಕ ಕಾದಂಬರಿ ಎಂಬ ಗೌರವ ಇದೆ. ಆದರೆ ಉಪದೇಶ ಜಾಸ್ತಿ ಎನ್ನಿಸಿತು. ಹಾಗೆಂದು ಬರೆಯಬಹುದೇ?
– ಮಂಗಳೂರಿನ ವಿದ್ಯಾರ್ಥಿಯೊಬ್ಬರು

ಬರೆಯಿರಿ. ‘ಸದ್ಧರ್ಮ ವಿಜಯ’ ಎಂಬ ಇನ್ನೊಂದು ಹೆಸರನ್ನೂ ಹೊತ್ತ ಪುಸ್ತಕ ಉಪದೇಶವನ್ನು ಮುಚ್ಚಿಟ್ಟಿಲ್ಲ. ಒಳ್ಳೆಯವರು ತೀರಾ ಒಳ್ಳೆಯವರು, ಅವರು ಬಾಯಿ ತೆರೆದರೆ ಭಾಷಣ. ಆದರೆ ಭಕ್ತಿಯ ವೇಷ ತೊಟ್ಟವರ ಕಪಟವನ್ನು ಬಯಲಿಗೆಳೆಯುವಾಗ ಗುಲ್ವಾಡಿ ವೆಂಕಟರಾಯರ ಕೈ ಬೇರೆಯೇ ಆಗುತ್ತದೆ. ಅವರು ಪೊಲೀಸ್ ಇಲಾಖೆಯಲ್ಲಿದ್ದವರು, ಮನುಷ್ಯರ ಒಳಹೊರಗನ್ನು ಹತ್ತಿರದಿಂದ ಕಂಡವರು. ಎಳೆಯ ವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾಗುವ ಕಥೆ 1899ರಲ್ಲಿ ನಿಮ್ಮ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು ಎನ್ನುವುದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿ. ಉಳಿದ ಜಾಗವನ್ನು ನಿಮಗೆ ಜೀವಂತ ಎನ್ನಿಸಿದ ಒಂದು ದೃಶ್ಯಕ್ಕೂ, ಸತ್ತಂತೆ ಕಂಡ ಒಂದು ದೃಶ್ಯಕ್ಕೂ ಕೊಡಿ, ಪುಟಸಂಖ್ಯೆ ಹಾಕಿ. ಬರೆದದ್ದನ್ನು ನನಗೂ ಒಂದು ಪ್ರತಿ ಕಳುಹಿಸಿ.