ಒಂದು ವರ್ಷ ಆಗ್ಲಿ ಅಂತ ಕಾಯ್ಬೇಕಾ?

ಪ್ರಶ್ನೆ: ಮಗಳಿಗೆ ಏಳು ತಿಂಗಳು, ಡೌನ್ ಸಿಂಡ್ರೋಮ್ ಇದೆ. ಇನ್ನೂ ಬೋರಲು ಬೀಳ್ತಿಲ್ಲ. ಥೆರಪಿ ಅಂದ್ರೆ ಅತ್ತೆ "ನಾಲ್ಕು ಜನಕ್ಕೆ ಗೊತ್ತಾಗುತ್ತೆ" ಅಂತಾರೆ, ನಮ್ಮೆಜಮಾನ್ರು "ಒಂದು ವರ್ಷ ಆಗ್ಲಿ ನೋಡೋಣ" ಅಂತಾರೆ. ನಾನೇ ಅವಸರ ಮಾಡ್ತಿದೀನಾ?

ಉತ್ತರ: ಇಲ್ಲಮ್ಮ, ಅವಸರ ಏನೂ ಅಲ್ಲ. ಡೌನ್ ಸಿಂಡ್ರೋಮ್ ಅಂದ್ರೆ ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರೋದು, ಅದು ಕಾಯ್ತಾ ಕೂತ್ರೆ ಹೋಗಲ್ಲ, ಅದು ನಿಮ್ಮಿಂದ ಆಗಿದ್ದೂ ಅಲ್ಲ.

ಮೊದ್ಲು ಟೆಸ್ಟುಗಳು. ಈ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಹುಟ್ಟಿನಿಂದಲೇ ಹಾರ್ಟ್ ತೊಂದರೆ ಇರುತ್ತೆ, ಸ್ಟೆತಸ್ಕೋಪಲ್ಲಿ ಏನೂ ಕೇಳಿಸದೇನೂ ಇರ್ಬಹುದು, ಹಾಗಾಗಿ ಎಕೋ (ಹಾರ್ಟ್‌ನ ಸ್ಕ್ಯಾನ್) ಆಗಿಲ್ಲಾಂದ್ರೆ ಈ ವಾರಾನೇ ಮಾಡ್ಸಿ. ಥೈರಾಯ್ಡ್ ಹುಟ್ಟಿದಾಗ ಸರಿ ಇತ್ತು ಅಂತ ಬಿಡೋ ಹಾಗಿಲ್ಲ, 6 ತಿಂಗಳಿಗೆ, ವರ್ಷಕ್ಕೆ ಮತ್ತೆ ನೋಡ್ಬೇಕು. ಕಣ್ಣು, ಕಿವಿನೂ ಅಷ್ಟೇ. ಕಿವಿ ಮಂದ ಇದ್ರೆ ಮಾತು ತಡ ಆಗುತ್ತೆ, ಆಮೇಲೆ ಎಲ್ಲಾ ಸಿಂಡ್ರೋಮ್ ಮೇಲೆ ಹಾಕಿ ಸುಮ್ನಾಗ್ತಾರೆ, ಅದು ನಂಗೆ ಸಿಟ್ಟು ಬರೋ ವಿಷ್ಯ.

ಥೆರಪಿ ಅಂದ್ರೆ ಏನೋ ದೊಡ್ಡ ಮೆಷಿನ್ ಅಲ್ಲ. ಮಾಂಸಖಂಡ ಸಡಿಲ ಇರೋದ್ರಿಂದ ಅಂಗಾತ ಮಲಗಿಸಿದಾಗ ಕಾಲು ಎರಡೂ ಕಪ್ಪೆ ಥರ ಅಗಲ ಬೀಳುತ್ತಲ್ಲ, ತೊಡೆಯ ಎರಡೂ ಕಡೆ ಟವೆಲ್ ಸುತ್ತಿ ಇಡೋದು, ಎಚ್ಚರ ಇರೋವಾಗ ನಿಮ್ಮ ಎದೆ ಮೇಲೆ ಬೋರಲು ಹಾಕಿ ಮುಖ ನೋಡಿ ಮಾತಾಡ್ಸೋದು, ಇಂಥದ್ದನ್ನೇ ಫಿಸಿಯೋ ಹೇಳಿಕೊಡ್ತಾರೆ. ಟವೆಲ್ ನೀವು ಪಕ್ಕದಲ್ಲೇ ಇರೋವಾಗ ಮಾತ್ರ, ನಿದ್ದೆ ಮಾಡೋವಾಗ ಬೇಡ. ನಡೆಯೋದು ಎರಡು ವರ್ಷದ ಆಸುಪಾಸು ಅಥವಾ ಇನ್ನೂ ತಡ ಆಗ್ಬಹುದು, ಪಕ್ಕದ ಮನೆ ಮಗು ಜೊತೆ ಹೋಲಿಸೋಕೆ ಹೋಗ್ಬೇಡಿ.

ಎಲ್ಲಿಂದ ಶುರು ಅಂದ್ರೆ ನಿಮ್ಮ ಮಕ್ಕಳ ಡಾಕ್ಟರ್ ಹತ್ರ, ಚಿಕ್ಕ ವಯಸ್ಸಲ್ಲೇ ಥೆರಪಿ ಶುರು ಮಾಡೋ ಅರ್ಲಿ ಇಂಟರ್ವೆನ್ಷನ್‌ಗೆ ರೆಫರಲ್ ಲೆಟರ್ ಬರೆಸ್ಕೊಳ್ಳಿ. ವೇಟಿಂಗ್ ಲಿಸ್ಟ್ ಇದೆ ಅಂದ್ರೆ ಹೆಸರು ಬರೆಸಿ, ಅಲ್ಲೀವರೆಗೂ ಮನೇಲಿ ಮಾಡ್ಸೋದನ್ನ ಕೇಳಿ ಬನ್ನಿ. ದೊಡ್ಡ ಆಸ್ಪತ್ರೇಲಿ ಮೆಡಿಕಲ್ ಸೋಷಿಯಲ್ ವರ್ಕರ್ ಇದ್ರೆ ಅವರನ್ನ ಬಿಡ್ಬೇಡಿ, ಸರ್ಟಿಫಿಕೇಟು, ಸರ್ಕಾರದ ಸಹಾಯ, ಇದೇ ಥರ ಮಕ್ಕಳಿರೋ ಅಪ್ಪ ಅಮ್ಮಂದಿರ ಗುಂಪು, ಎಲ್ಲದರ ದಾರಿ ಡಾಕ್ಟರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.

ಅತ್ತೆಗೆ ಇರೋದು ಭಯ. ವಾದ ಮಾಡ್ಬೇಡಿ, ಮಗೂನ ಎದುರಿಗೆ ಕೂರಿಸ್ಕೊಂಡು ಹಾಡು ಹೇಳೋ ಕೆಲ್ಸ ಅವರಿಗೆ ಕೊಡಿ. ಯಜಮಾನ್ರಿಗೆ ಮಾತ್ರ ನೀವು ಮನೇಲಿ ವಿವರಿಸ್ತಾ ಕೂತ್ರೆ ಆಗಲ್ಲ, ಫಿಸಿಯೋ ಹತ್ರ ಕರ್ಕೊಂಡು ಹೋಗಿ ಮಗೂನ ಅವರ ಕೈಲೇ ಹಿಡಿಸಿ, ಮೊದಲನೇ ಅಪಾಯಿಂಟ್‌ಮೆಂಟ್ ಅವರ ಫೋನ್‌ನಿಂದಾನೇ ಬುಕ್ ಮಾಡ್ಸಿ, ರಿಮೈಂಡರ್ ಅವರಿಗೇ ಬರ್ಲಿ.