ಕೆಂಪು ಬೇಕಿದ್ದರೆ ಹಳೆಯ ಕಡ್ಡಿ ಉಳಿಸಬೇಡಿ

ಪ್ರಶ್ನೆ: ನಾವಿರುವುದು ಚಳಿಗಾಲದಲ್ಲಿ ಹಿಮ ಬೀಳುವ ಕಡೆ. ಬೇಲಿಯುದ್ದಕ್ಕೂ ರೆಡ್ ಟ್ವಿಗ್ ಡಾಗ್‌ವುಡ್ ಹಾಕಿದ್ದೇವೆ. ಮೊದಮೊದಲು ಎಲೆ ಉದುರಿದ ಮೇಲೆ ಕಡ್ಡಿಗಳೆಲ್ಲ ಕಡುಗೆಂಪಗೆ ಕಾಣುತ್ತಿದ್ದವು. ಈಗ ಗಿಡ ಆಳೆತ್ತರ ಮೀರಿದೆ. ಕೆಳಗಿನ ಅರ್ಧ ಬೂದುಗಟ್ಟಿದೆ, ಕೆಂಪು ತುದಿಯಲ್ಲಷ್ಟೇ ಉಳಿದಿದೆ. ಗೊಬ್ಬರ ಸಾಲದೇ ಹೀಗಾಯಿತೇ? ಬುಡಕ್ಕೆ ಕಡಿಯಿರಿ ಎನ್ನುತ್ತಾರೆ. ಗಿಡವೇ ಸತ್ತುಹೋದರೆ ಎಂಬ ಭಯ ನಮಗೆ.

ಉತ್ತರ: ಹೆದರಬೇಡಿ, ಕಡಿಯಿರಿ. ಈ ಪೊದೆಯ ಕೆಂಪು ಇರುವುದೇ ಎಳೆಯ ಕಡ್ಡಿಗಳಲ್ಲಿ. ಹಗಲು ಕಿರಿದಾಗಿ ಚಳಿ ಏರುತ್ತಿದ್ದಂತೆ ತೊಗಟೆಯಲ್ಲಿ ಆಂಥೋಸಯಾನಿನ್ ಎಂಬ ಬಣ್ಣದ ಅಂಶ ತುಂಬಿಕೊಳ್ಳುತ್ತದೆ. ಬಿಸಿಲು ಬೀಳುವ ಮಗ್ಗುಲಲ್ಲಿ ಇನ್ನೂ ಗಾಢವಾಗಿ. ಬೇಸಿಗೆಯಲ್ಲಿ ಅದೇ ಕಡ್ಡಿ ಹಸಿರಿಗೆ ತಿರುಗುವುದನ್ನು ನೀವೂ ಗಮನಿಸಿರಬಹುದು. ಕೆಲವು ವರ್ಷ ಕಳೆದ ಕಡ್ಡಿಯ ಮೇಲೆ ಬೆಂಡಿನಂಥ ಒರಟು ತೊಗಟೆ ಕಟ್ಟಿಕೊಂಡು ಕೆಂಪನ್ನು ಮುಚ್ಚಿಬಿಡುತ್ತದೆ. ಎಷ್ಟು ಗೊಬ್ಬರ ಸುರಿದರೂ ಆ ಕಡ್ಡಿ ಮತ್ತೆ ಕೆಂಪಾಗುವುದಿಲ್ಲ. ಬುಡದಿಂದ ಹೊಸದು ಹುಟ್ಟಬೇಕು, ಅದಕ್ಕೆ ಹಳೆಯದು ಜಾಗ ಬಿಡಬೇಕು.

ಚಳಿಗಾಲದ ಕೊನೆಯಲ್ಲಿ, ಮೊಗ್ಗು ಒಡೆಯುವ ಮುಂಚೆ ಕತ್ತರಿ ಹಿಡಿಯಿರಿ. ಅಷ್ಟರಲ್ಲಿ ಬಣ್ಣವನ್ನೂ ಕಣ್ತುಂಬ ನೋಡಿ ಆಗಿರುತ್ತದೆ. ಕೆಲವರು ಇಡೀ ಪೊದೆಯನ್ನು ನೆಲದಿಂದ 20–30 ಸೆಂಟಿಮೀಟರ್ ಬಿಟ್ಟು ಕತ್ತರಿಸುತ್ತಾರೆ. ಚೆನ್ನಾಗಿ ಬೇರುಬಿಟ್ಟ ಗಿಡ ಅದನ್ನು ತಡೆದುಕೊಂಡು ನೆಟ್ಟಗಿನ ಕೆಂಪು ಕಡ್ಡಿಗಳನ್ನೇ ಕಳಿಸುತ್ತದೆ. ಆದರೂ ನನ್ನ ಒಲವು ಇನ್ನೊಂದು ಕ್ರಮದ ಕಡೆಗೆ: ಪ್ರತಿ ವರ್ಷ ತೀರಾ ದಪ್ಪಗಿನ, ಬೂದಾದ ಕಡ್ಡಿಗಳನ್ನಷ್ಟೇ ಆರಿಸಿ, ಒಟ್ಟಿನ ಮೂರರಲ್ಲೊಂದು ಪಾಲನ್ನು ಬುಡಕ್ಕೇ ತೆಗೆಯುವುದು. ಮೂರು ವರ್ಷದಲ್ಲಿ ಇಡೀ ಪೊದೆ ಹೊಸತಾಗುತ್ತದೆ, ಬೇಲಿಯಲ್ಲಿ ಎಂದೂ ಬಯಲು ಬೀಳುವುದಿಲ್ಲ. ಈ ಗಿಡ ಹಿಂದಿನ ವರ್ಷದ ಕಡ್ಡಿಯಲ್ಲಿ ಹೂ ಬಿಡುವಂಥದ್ದು. ಪೂರ್ತಿ ಕಡಿದರೆ ಆ ವರ್ಷ ಹೂವೂ ಇಲ್ಲ, ಹಣ್ಣೂ ಇಲ್ಲ. ವಸಂತದ ಕೊನೆಗೆ ಬರುವ ಆ ಚಪ್ಪಟೆ ಬಿಳಿ ಗೊಂಚಲುಗಳಿಗೆ ಜೇನುನೊಣ ಮುತ್ತುತ್ತದೆ, ಆಮೇಲಿನ ಬಿಳಿ ಹಣ್ಣುಗಳನ್ನು ಹಕ್ಕಿಗಳು ಬಿಡದೆ ತಿನ್ನುತ್ತವೆ. ಕಡ್ಡಿಯ ಬಣ್ಣಕ್ಕೆಂದೇ ಗಿಡ ತರುವವರು ಇದನ್ನು ಮರೆಯುತ್ತಾರೆ. ನನಗೆ ಅದು ನಷ್ಟವೆಂದೇ ಅನಿಸುತ್ತದೆ.

ಮೇಲಿಂದ ಮಟ್ಟಸವಾಗಿ ಬೇಲಿಯಂತೆ ಮಾತ್ರ ಸವರಬೇಡಿ. ತುದಿಯಲ್ಲಿ ಪೊರಕೆಯಂತೆ ಕವಲೊಡೆದು ಬುಡ ಬೋಳಾಗುತ್ತದೆ. ಹೊಸದಾಗಿ ನೆಟ್ಟ ಗಿಡಕ್ಕೂ ಮೊದಲ ಎರಡು ವರ್ಷ ಕತ್ತರಿ ಬೇಡ, ಬೇರು ಬಲಿಯಲಿ.

ಕತ್ತರಿಸಿದ್ದನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ ಎಳೆಯ ಕಡ್ಡಿಗಳನ್ನು ಸುಮಾರು 25 ಸೆಂಟಿಮೀಟರ್ ತುಂಡು ಮಾಡಿ, ಕೆಳಗೆ ಗೆಣ್ಣಿನ ಬುಡಕ್ಕೆ, ಮೇಲೆ ಗೆಣ್ಣಿನ ತುಸು ಮೇಲಕ್ಕೆ ಕತ್ತರಿಸಿ, ತಲೆಕೆಳಗಾಗದಂತೆ ಮೂರರಲ್ಲೆರಡು ಪಾಲು ಮಣ್ಣಿನೊಳಗೆ ಊರಿ. ಮಣ್ಣು ಒಣಗದಂತೆ ನೋಡಿಕೊಂಡರೆ ಹೆಚ್ಚಿನವು ಬೇರು ಬಿಡುತ್ತವೆ. ಹೊಳೆದಂಡೆಯ ಮಣ್ಣು ಕೊಚ್ಚಿಹೋಗದಂತೆ ತಡೆಯಲು ಇದರ ಹಸಿ ಗೂಟಗಳನ್ನೇ ನೆಲಕ್ಕೆ ಬಡಿಯುವ ರೂಢಿ ಇದೆ, ಅಷ್ಟು ಸುಲಭದಲ್ಲಿ ಚಿಗುರುವ ಜಾತಿ.

ಪ್ರಶ್ನೆ: ತೋಟದ ಮೂಲೆಯೊಂದರಲ್ಲಿ ನೀರು ನಿಲ್ಲುತ್ತದೆ, ಅರ್ಧ ದಿನ ನೆರಳು. ಈ ಗಿಡ ಅಲ್ಲಿ ಬರುತ್ತದೆಯೇ? ಎಷ್ಟು ಜಾಗ ಬೇಕು?

ಉತ್ತರ: ಒದ್ದೆ ನೆಲ ಇದಕ್ಕೆ ತವರು. ಈ ಹೆಸರಿನಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತವೆ: ಉತ್ತರ ಅಮೆರಿಕದ ಹೊಳೆದಂಡೆ, ಜೌಗುಗಳ ಕಾರ್ನಸ್ ಸೆರಿಸಿಯಾ, ಸೈಬೀರಿಯಾ, ಉತ್ತರ ಚೀನಾ, ಕೊರಿಯಾ ಕಡೆಯ ಕಾರ್ನಸ್ ಆಲ್ಬಾ. ಎರಡೂ ಎರಡರಿಂದ ಮೂರು ಮೀಟರ್ ಬೆಳೆಯುತ್ತವೆ, ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಅಮೆರಿಕದ್ದು ನೆಲ ಮುಟ್ಟಿದ ಕಡ್ಡಿಯಿಂದಲೂ ಬೇರು ಬಿಟ್ಟು ಹರಡುತ್ತದೆ. ಕಾಲುದಾರಿಯ ಪಕ್ಕ ಅದು ಬೇಡ. ಅರ್ಧ ನೆರಳಿನಲ್ಲಿ ಗಿಡ ಬದುಕುತ್ತದೆ, ಕೆಂಪು ಮಾತ್ರ ಮಂಕು. ಸಾಧ್ಯವಾದರೆ ಚಳಿಗಾಲದ ಬಿಸಿಲು ತಾಗುವ ಬದಿ ಆರಿಸಿ. ಜಾಗ ಸಣ್ಣದಿದ್ದರೆ ಮೀಟರಿಗೂ ಕಡಿಮೆ ಎತ್ತರದ 'ಕೆಲ್ಸೀ' ತಳಿ ಇದೆ. ಕೆಂಪಿನ ನಡುವೆ ಹಳದಿ ಕಡ್ಡಿಯ 'ಫ್ಲಾವಿರಾಮಿಯಾ' ಒಂದೆರಡು ಇಟ್ಟರೆ ಬಹಳ ಚೆಂದ.

ಪ್ರಶ್ನೆ: ನಮ್ಮಲ್ಲಿ ಹಿಮವೇ ಬೀಳುವುದಿಲ್ಲ, ವರ್ಷವಿಡೀ ಬೆಚ್ಚಗೆ. ಚಿತ್ರ ನೋಡಿ ಆಸೆಯಾಗಿದೆ. ಕುಂಡದಲ್ಲಾದರೂ ಬೆಳೆಸಬಹುದೇ?

ಉತ್ತರ: ಬೇಡ ಎಂದೇ ಹೇಳುತ್ತೇನೆ. ಇದು ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ತಡೆಯುವ ಗಿಡ; ತಡೆಯಲಾಗದ್ದು ಸೆಕೆಯನ್ನು, ಅದರಲ್ಲೂ ರಾತ್ರಿಯೂ ಇಳಿಯದ ಸೆಕೆಯನ್ನು. ಸೊರಗಿದ ಗಿಡಕ್ಕೆ ಕಡ್ಡಿ ಒಣಗಿಸುವ ಶಿಲೀಂಧ್ರ ಬೇಗ ತಗಲುತ್ತದೆ. ಒಂದುವೇಳೆ ಉಳಿದರೂ ಎಲೆ ಉದುರಿಸುವ ಚಳಿ ಇಲ್ಲದ ಮೇಲೆ ನೀವು ಚಿತ್ರದಲ್ಲಿ ಕಂಡ ಕೆಂಪು ಬರುವುದಿಲ್ಲ. ನಿಮ್ಮ ಹವೆಗೆ ಒಗ್ಗುವ, ಎಲೆಯಲ್ಲೋ ಹೂವಿನಲ್ಲೋ ಕೆಂಪಿರುವ ಪೊದೆಯೊಂದನ್ನು ಆರಿಸಿ. ಅದು ನಿಮಗೂ ಗಿಡಕ್ಕೂ ಹಿತ.

ಪ್ರಶ್ನೆ: ಮಳೆ ಹೆಚ್ಚಾದಾಗ ಡಾಗ್‌ವುಡ್ ಎಲೆ ಮೇಲೆ ನೇರಳೆ ಅಂಚಿನ ಚುಕ್ಕೆ ಬರುತ್ತಿವೆ. ಏನು ಸಿಂಪಡಿಸಲಿ?

ಉತ್ತರ: ಏನೂ ಬೇಡ. ಎಲೆಚುಕ್ಕೆ ರೋಗ ನೋಡಲು ಕೆಟ್ಟದಾಗಿ ಕಂಡರೂ ಗಿಡವನ್ನು ಕೊಲ್ಲುವುದು ಅಪರೂಪ. ಬಿದ್ದ ಎಲೆಗಳನ್ನು ಗುಡಿಸಿ ತೋಟದಿಂದಾಚೆ ಹಾಕಿ, ನೀರನ್ನು ಎಲೆಗೆ ಚಿಮ್ಮಿಸದೆ ಬುಡಕ್ಕೆ ಕೊಡಿ, ಪೊದೆಯ ನಡುವಿನ ಹಳೆಯ ಕಡ್ಡಿಗಳನ್ನು ತೆಗೆದು ಗಾಳಿಯಾಡಲು ಬಿಡಿ.